ಕರು ಹಾಕುವ ಹಸುವಿನ ಆಪತ್ತು

ಹೇಮಾವತಿಯ ನೀರುಂಡು ಬತ್ತ ಬೆಳೆಯುವ ಹೊಳೆನರಸೀಪುರದ ಬಯಲಿನಲ್ಲಾಗಲಿ, ರಾಗಿ ತೆಂಗುಗಳ ಚನ್ನರಾಯಪಟ್ಟಣದಲ್ಲಾಗಲಿ, ಹೊಗೆಸೊಪ್ಪಿನ ಅರಕಲಗೂಡಿನಲ್ಲಾಗಲಿ, ಸಣ್ಣ ಒಕ್ಕಲಿನ ಮನೆಯ ಕೈಖರ್ಚು ಬಹುಮಟ್ಟಿಗೆ ಡೇರಿಗೆ ಹಾಕುವ ಹಾಲಿನಿಂದಲೇ ನಡೆಯುವುದಾದುದರಿಂದ, ಗಬ್ಬದ ಅಥವಾ ಆಗತಾನೆ ಈದ ಹಸುವಿನ ಮೈ, ಎಂದರೆ ಯೋನಿಯೋ ಗರ್ಭಕೋಶವೋ, ಹೊರಬಂದಿತೆಂದರೆ ಆ ಸಂಕಟ ಕೊಟ್ಟಿಗೆಯಲ್ಲಿಯೇ ನಿಲ್ಲುವುದಿಲ್ಲ.

ಈ ವ್ಯಾಧಿಗೆ ಎರಡು ರೂಪಗಳುಂಟು. ಗಬ್ಬದ ಕಡೆಯ ಎರಡು ಮೂರು ತಿಂಗಳುಗಳಲ್ಲಿ, ಹಸು ಮಲಗಿದಾಗ ಯೋನಿಯ ಭಾಗ ಕೆಂಪಗೆ ಹೊರತೋರಿ, ಎದ್ದೊಡನೆ ಒಳಸರಿಯುವುದು ಮೊದಲನೆಯದು. ಪ್ರಸವಕ್ಕೆ ಅಣಿಯಾಗುವ ಶರೀರದಲ್ಲಿ ಈಸ್ಟ್ರೋಜನ್ ಹೆಚ್ಚಿ ಸೊಂಟದ ಕಟ್ಟುಗಳು ಸಡಿಲಗೊಳ್ಳುತ್ತವೆ. ಬೆಳೆದ ಕರುವೂ ಮೇವು ತುಂಬಿದ ಹೊಟ್ಟೆಯೂ ಹಿಂದಕ್ಕೆ ಒತ್ತುತ್ತವೆ. ಗಂಜಲ ಹರಿಯಲೆಂದು ನೆಲವನ್ನು ಅತಿಯಾಗಿ ಇಳಿಜಾರು ಮಾಡಿದ ಸಿಮೆಂಟಿನ ಕೊಟ್ಟಿಗೆಯಲ್ಲಿ ಈ ಒತ್ತಡ ಪ್ರಬಲವಾಗುತ್ತದೆ. ಕೂಳೆಹೊಲಗಳಲ್ಲಿ ಮೇಯುತ್ತಿದ್ದ ಹಳ್ಳಿಕಾರ್ ರಾಸಿಗೆ ದೊರೆಯುತ್ತಿದ್ದ ನಡಿಗೆಯೂ ದಿನವಿಡೀ ಕಟ್ಟಿಹಾಕಿದ ಮಿಶ್ರತಳಿಯ ಹಸುವಿಗೆ ಇಲ್ಲ. ಆದುದರಿಂದ ಹಿಂಗಾಲುಗಳ ಕಡೆ ಮಣ್ಣು ಹಾಕಿ ನೆಲವನ್ನೆತ್ತರಿಸಿ, ಹುಲ್ಲನ್ನು ಒಮ್ಮೆಲೇ ರಾಶಿ ಹಾಕದೆ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಲೇಸು. ವೈದ್ಯರು ಹೊಲಿಗೆ ಹಾಕಿದ್ದರೆ ಹೆರಿಗೆಗೆ ಮುನ್ನವೇ ಅದನ್ನು ಬಿಚ್ಚಿಸಲೇಬೇಕು. ಈ ದೋಷ ಮುಂದಿನ ಗಬ್ಬದಲ್ಲಿಯೂ ಮರುಕಳಿಸುವುದು, ವಂಶದಲ್ಲಿಯೂ ಇಳಿಯುವುದು. ಇಂಥ ಹಸುವಿನ ಕರುವನ್ನು ತಳಿಗೆ ಇಟ್ಟುಕೊಳ್ಳಬಾರದು, ಹಸುವನ್ನು ಸಂತೆಯಲ್ಲಿ ವಿಷಯ ಮುಚ್ಚಿಟ್ಟು ಮಾರುವುದಂತೂ ಕೊಳ್ಳುವ ಬಡವನಿಗೆ ಎಸಗಿದ ದ್ರೋಹವೇ ಸರಿ.

ಎರಡನೆಯದು ಘೋರತರವಾದುದು. ಕರು ಬಿದ್ದ ಕೆಲವೇ ಗಂಟೆಗಳಲ್ಲಿ ಗರ್ಭಕೋಶವೇ ಒಳಮೈ ಹೊರಮೈಯಾಗಿ, ಗುಂಡಿಗಳಂಥ ಗಂಟುಗಳೊಡನೆ ಹಿಂಗಾಲಿನವರೆಗೆ ಜೋಲುತ್ತದೆ. ಕ್ಯಾಲ್ಸಿಯಂ ಕೊರತೆಯಿಂದ ಗರ್ಭಕೋಶ ಬಿಗಿತಗೊಳ್ಳದಿರುವುದೂ, ಕರುವನ್ನು ಬಲವಂತದಿಂದ ಎಳೆಯುವುದೂ ಇದಕ್ಕೆ ಕಾರಣಗಳು. ಬೀಳದ ಕಸಕ್ಕೆ (ಮಾಸಿಗೆ) ಕಲ್ಲು ಕಟ್ಟುವ ರೂಢಿಯನ್ನಂತೂ ಬಿಡಲೇಬೇಕು. ಬತ್ತದ ಹುಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಮನ್ನು ಹಿಡಿದಿಡುವುದಾಗಿ, ಬರಿಯ ಆ ಹುಲ್ಲಿನ ಮೇಲೆ ಹಾಲಿನ ಹಸುವನ್ನು ಸಾಕುವುದು ಸಲ್ಲದು.

ಗರ್ಭಕೋಶ ಹೊರಬಿದ್ದಾಗ ಕಾಲಹರಣ ಪ್ರಾಣಾಪಾಯಕಾರಿ: ಒಳಗಿನ ರಕ್ತನಾಳ ಹರಿದರೆ ಹಸು ನಿಂತಲ್ಲಿಯೇ ಕುಸಿದೀತು. ಹಸುವನ್ನು ಓಡಾಡಿಸದೆ, ನಾಯಿ ಕಾಗೆಗಳು ಮುಟ್ಟದಂತೆ ಕಾದು, ಅಂಗವನ್ನು ಶುದ್ಧವಾದ ತಣ್ಣೀರಿನಿಂದ ತೊಳೆದು, ತೇವದ ಬಟ್ಟೆಯಲ್ಲಿ ಯೋನಿದ್ವಾರದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆಮಾಡಬೇಕು; ಅನನುಭವಿಯ ಕೈ ಒಳಗೆ ತಳ್ಳಹೋಗಿ ಅದನ್ನು ಹರಿಯಬಾರದು. ವೈದ್ಯರು ಬಾಲದ ಬುಡದಲ್ಲಿ ಅರಿವಳಿಕೆ ಕೊಟ್ಟು ಹಸುವಿನ ತಿಣುಕನ್ನು ತಡೆದು, ಬಾವು ಇಳಿಯಲು ಸಕ್ಕರೆ ಹಾಕಿ, ಗರ್ಭಕೋಶವನ್ನು ಮೆಲ್ಲಮೆಲ್ಲನೆ ಒಳಸೇರಿಸಿ, ಕ್ಯಾಲ್ಸಿಯಂ ಆಕ್ಸಿಟೋಸಿನ್‌ಗಳನ್ನು ಕೊಡುವರು. ಹೀಗೆ ತ್ವರೆಯಿಂದ ಉಳಿಸಿದ ಹಸು ಮುಂದೆ ಮತ್ತೆ ಗಬ್ಬವಾಗುವುದು ಸಾಧ್ಯ. ಮೊದಲ ರೂಪದಂತೆ ಇದು ಬಾರಿ ಬಾರಿಗೂ ಮರುಕಳಿಸುವುದಿಲ್ಲ.