ಜೇಬಿನಲ್ಲೇ ಕೂತು ಕಾರನ್ನು ಎಬ್ಬಿಸುವ ಕೀ

ಬಾಗಿಲ ಹಿಡಿಯ ಮೇಲಿನ ಪುಟ್ಟ ಕಪ್ಪು ಗುಂಡಿಗೆ ಬೆರಳು ತಾಗುತ್ತದೆ, ಲಾಕ್ ಬಿಚ್ಚಿಕೊಳ್ಳುತ್ತದೆ. ಒಳಗೆ ಕೂತು, ಬ್ರೇಕ್ ಮೇಲೆ ಕಾಲಿಟ್ಟು, ಸ್ಟಾರ್ಟ್ ಬಟನ್ ಒತ್ತಿದರೆ ಎಂಜಿನ್ ಎದ್ದೇಬಿಡುತ್ತದೆ. ಕೀ ಎಲ್ಲಿ? ಪ್ಯಾಂಟಿನ ಜೇಬಿನಲ್ಲೋ, ವ್ಯಾನಿಟಿ ಬ್ಯಾಗಿನ ತಳದಲ್ಲಿ ಬಾಚಣಿಗೆ, ಕುಂಕುಮದ ಪೊಟ್ಟಣ, ಹಳೆಯ ಬಿಲ್ಲುಗಳ ಅಡಿಯಲ್ಲೋ ಬಿದ್ದಿದೆ. ಅದನ್ನು ಯಾರೂ ಮುಟ್ಟಿಲ್ಲ, ತೋರಿಸಿಲ್ಲ. ಆದರೂ ಕಾರಿಗೆ ಗೊತ್ತು! ಬೆರಳು ತಾಗಿದ್ದಕ್ಕೂ ಲಾಕ್ ಬಿಚ್ಚಿದ್ದಕ್ಕೂ ನಡುವಿನ ಆ ಅರೆಗಳಿಗೆಯಲ್ಲಿ ಏನು ನಡೆಯುತ್ತದೆ ಎಂದು ಹುಡುಕುತ್ತ ಹೋದೆ. ಸಿಕ್ಕಿದ್ದನ್ನೆಲ್ಲ ಯಾರಿಗಾದರೂ ಹೇಳದೆ ಇರಲು ಆಗುತ್ತಿಲ್ಲ.

ಅಲ್ಲಿ ನಡೆಯುವುದು ಒಂದು ಮಾತುಕತೆ. ಮೊದಲು ಕರೆಯುವುದು ಕಾರು. ಬಾಗಿಲ ಹಿಡಿಯೊಳಗೆ ಅಡಗಿಸಿಟ್ಟ ತಂತಿಯ ಸುರುಳಿಯಿಂದ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಕಂಪನಾಂಕದಲ್ಲಿ, ಅದು ಕೀಯನ್ನು ಎಬ್ಬಿಸುತ್ತದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಇದು ಅದಕ್ಕಿಂತಲೂ ಎಷ್ಟೋ ಕೆಳಗೆ. ಈ ಅಲೆಯ ಉದ್ದ 2.4 ಕಿಲೋಮೀಟರ್! ಅಷ್ಟುದ್ದದ ಅಲೆಯನ್ನು ಒಂದು ಮೀಟರು ಆಚೆ ಇರುವ ಕೀ ಜತೆ ಪಿಸುಗುಡಲು ಯಾಕೆ ಬಳಸಬೇಕು? ಜಾಣತನ ಇರುವುದೇ ಇಲ್ಲಿ. ಇಷ್ಟು ಹತ್ತಿರದಲ್ಲಿ ಅದು ಅಲೆಯಾಗಿ ಹಾರಿಹೋಗದೆ, ಸುರುಳಿಯ ಸುತ್ತಲೇ ಕಾಂತಕ್ಷೇತ್ರವಾಗಿ ಸುತ್ತಿಕೊಂಡಿರುತ್ತದೆ. ದೂರ ಎರಡರಷ್ಟಾದರೆ ಅದರ ಬಲ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಮೂರರಷ್ಟಾದರೆ 27ರಲ್ಲಿ ಒಂದು ಪಾಲಿಗೆ. ಒಂದೂವರೆ ಮೀಟರು ದಾಟುವಷ್ಟರಲ್ಲಿ ಕರೆ ಬಹುಮಟ್ಟಿಗೆ ಬತ್ತಿಹೋಗಿರುತ್ತದೆ. ಹಾಗಾಗಿ ಕೀಗೆ ಕರೆ ಕೇಳಿಸಿತು ಎಂದರೆ ಕೀ ಹತ್ತಿರದಲ್ಲೇ ಇದೆ ಎಂದು ಲೆಕ್ಕ. ದೂರ ಅಳೆಯುವ ಬೇರೆ ಯಂತ್ರವಿಲ್ಲದೆ, ನಿಸರ್ಗದ ನಿಯಮವನ್ನೇ ಬೇಲಿಯಾಗಿ ಮಾಡಿಕೊಂಡಿದ್ದಾರೆ!

ಕೀ ಮರುಮಾತು ಕೊಡುವುದು ಬೇರೆಯದೇ ಎತ್ತರದ ದನಿಯಲ್ಲಿ. ಭಾರತದಲ್ಲೂ ಯುರೋಪಿನಲ್ಲೂ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್, ಎಂದರೆ ನಾವು ಹಾಡು ಕೇಳುವ ಎಫ್‌ಎಂಗಿಂತ ಎಷ್ಟೋ ಮೇಲೆ. ಆಮೇಲೆ ಕಾರು ಒಂದು ಪ್ರಶ್ನೆ ಕೇಳುತ್ತದೆ. ಪ್ರಶ್ನೆ ಎಂದರೆ ಆ ಗಳಿಗೆಯಲ್ಲೇ ಹುಟ್ಟಿಸಿದ ಒಂದು ಸಂಖ್ಯೆ. ಕಾರಿನೊಳಗೂ ಕೀಯೊಳಗೂ ಜೋಡಿಸುವಾಗಲೇ ಹೂತಿಟ್ಟ ಒಂದೇ ಗುಟ್ಟು ಇದೆ. ಕೇಳಿದ ಸಂಖ್ಯೆಯನ್ನು ಆ ಗುಟ್ಟಿನೊಡನೆ ಬೆರೆಸಿ ಲೆಕ್ಕ ಮಾಡಿ ಕೀ ಉತ್ತರ ಕಳಿಸುತ್ತದೆ. ಕಾರು ತಾನೂ ಅದೇ ಲೆಕ್ಕ ಮಾಡಿ ನೋಡುತ್ತದೆ. ಎರಡೂ ಹೊಂದಿದರೆ ಬಾಗಿಲು ತೆರೆಯಿತು. ಗುಟ್ಟು ಮಾತ್ರ ಗಾಳಿಗೆ ಬೀಳುವುದೇ ಇಲ್ಲ! ಪಕ್ಕದಲ್ಲಿ ನಿಂತು ಕದ್ದು ಕೇಳಿದವನ ಕೈಗೆ ಸಿಗುವುದು ಮುಗಿದುಹೋದ ಪ್ರಶ್ನೆ, ಮುಗಿದುಹೋದ ಉತ್ತರ. ಮುಂದಿನ ಸಲದ ಪ್ರಶ್ನೆ ಬೇರೆ. ಗುಟ್ಟು 128 ಬಿಟ್ ಉದ್ದದ್ದಾಗಿದ್ದರೆ ಅಂಥ ಗುಟ್ಟುಗಳು ಎಷ್ಟಿರಬಹುದು ಎಂದು ಬರೆಯಲು 39 ಅಂಕಿಗಳು ಬೇಕು. ಸಂತೆಯಲ್ಲಿ ಬೀಗದಕೈ ಉಜ್ಜಿ ನಕಲು ಮಾಡಿಕೊಡುತ್ತಿದ್ದ ಕಾಲದಿಂದ ಎಲ್ಲಿಗೆ ಬಂದೆವು ನೋಡಿ.

ಕೀ ಒಳಗಿದೆಯೋ ಹೊರಗಿದೆಯೋ ಎಂಬುದೂ ಕಾರಿಗೆ ತಿಳಿಯುತ್ತದೆ. ಬಾಗಿಲುಗಳಲ್ಲಿ, ಡ್ಯಾಶ್‌ಬೋರ್ಡ್ ಬಳಿ, ಹಿಂದೆ ಡಿಕ್ಕಿಯ ಹತ್ತಿರ ಹೀಗೆ ಹಲವು ಕಡೆ ಸುರುಳಿಗಳಿವೆ. ಯಾವುದರ ಕರೆ ಎಷ್ಟು ಜೋರಾಗಿ ಕೇಳಿಸಿತು ಎಂದು ಕೀ ವರದಿ ಒಪ್ಪಿಸುತ್ತದೆ. ಕೀಯೊಳಗೂ ಒಂದಕ್ಕೊಂದು ಅಡ್ಡಡ್ಡವಾಗಿ ಮೂರು ದಿಕ್ಕಿಗೆ ಸುರುಳಿಗಳಿರುವುದರಿಂದ ಬ್ಯಾಗಿನಲ್ಲಿ ಅದು ತಲೆಕೆಳಗಾಗಿ ಬಿದ್ದಿದ್ದರೂ ಕೇಳಿಸಿಕೊಳ್ಳುತ್ತದೆ. ಕೀ ಒಳಗೇ ಬಿಟ್ಟು ಹೊರಗಿನಿಂದ ಲಾಕ್ ಮಾಡಲು ಹೋದರೆ ಅನೇಕ ಕಾರುಗಳು ಕೂಗಿ ಎಚ್ಚರಿಸಿ ಲಾಕ್ ಆಗದೆ ನಿಲ್ಲುವುದು ಈ ವಿದ್ಯೆಯಿಂದಲೇ.

ಇಷ್ಟೆಲ್ಲ ನಡೆಸುವುದು ಒಂದು ಗುಂಡನೆಯ ಸೆಲ್! ಬಹುತೇಕ ಕೀಗಳಲ್ಲಿ ಸಿಆರ್2032, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಅಗಲ, ಮೂರು ವೋಲ್ಟ್. ಹಗಲೂ ರಾತ್ರಿ ಕಿವಿ ತೆರೆದುಕೊಂಡೇ ಇದ್ದರೂ ಅದು ಒಂದೆರಡು ವರ್ಷ ಬಾಳುತ್ತದೆ. ಕೇಳುವ ಭಾಗ ಮಾತ್ರ ಕೆಲವೇ ಮೈಕ್ರೋಆಂಪ್‌ನಲ್ಲಿ ಎಚ್ಚರವಿದ್ದು, ಕರೆ ಬಂದಾಗಷ್ಟೇ ಉಳಿದದ್ದನ್ನು ಎಬ್ಬಿಸುತ್ತದೆ.

ಸೆಲ್ ಸತ್ತರೆ? ಇಡೀ ಕಥೆಯಲ್ಲಿ ನನ್ನನ್ನು ಬೆರಗಿನಿಂದ ಎದ್ದು ನಿಲ್ಲಿಸಿದ ಭಾಗ ಇದು. ಕೀಯೊಳಗೆ ಅಡಗಿಸಿಟ್ಟ ಸಣ್ಣ ಉಕ್ಕಿನ ಕೀ ತೆಗೆದು ಬಾಗಿಲು ತೆರೆಯಿರಿ. ಸತ್ತ ಕೀಯನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಹಿಡಿಯಿರಿ. ಕೆಲವು ಮಾಡೆಲ್‌ಗಳಲ್ಲಿ ಅದಕ್ಕೆಂದೇ ಬೇರೆ ಜಾಗವಿದೆ. ಬ್ರೇಕ್ ತುಳಿದು ಬಟನ್ ಒತ್ತಿ. ಕಾರು ಸ್ಟಾರ್ಟ್ ಆಗುತ್ತದೆ! ಕರೆಂಟು ಎಲ್ಲಿಂದ ಬಂತು? ಕಾರೇ ಕೊಟ್ಟಿತು. ಬಟನ್ ಸುತ್ತಲಿನ ಸುರುಳಿ ಎಬ್ಬಿಸಿದ ಕಾಂತಕ್ಷೇತ್ರ ಕೀಯೊಳಗಿನ ಸುರುಳಿಯನ್ನು ತಟ್ಟಿ, ಅಲ್ಲೇ ಇಷ್ಟೇ ಇಷ್ಟು ವಿದ್ಯುತ್ ಹುಟ್ಟಿಸುತ್ತದೆ. ಆ ಚೂರು ಶಕ್ತಿಯಲ್ಲಿ ಪುಟ್ಟ ಚಿಪ್ ಎದ್ದು, ತನ್ನ ಗುರುತು ಹೇಳಿ, ಮತ್ತೆ ಮಲಗುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ, ಹೈಸ್ಕೂಲಿನಲ್ಲಿ ಪರೀಕ್ಷೆಗೆಂದು ಓದಿ ಬಿಟ್ಟಿದ್ದೆವಲ್ಲ, ಅದೇ. ಅದು ಈಗ ನಿಮ್ಮ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಕೂತಿದೆ.

ಬಟನ್ ಒತ್ತಿ ಕಾರು ಹೊರಡಿಸುವುದು ಹೊಸದೂ ಅಲ್ಲ. ಒಂದು ಕಾಲಕ್ಕೆ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಗಲ್ಲಾಪೆಟ್ಟಿಗೆ ಯಂತ್ರಗಳಿಗೆ ವಿದ್ಯುತ್ ಮೋಟಾರ್ ಕೂರಿಸಿದ್ದ ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರ್ 1911ರಲ್ಲಿ ಕಾರಿಗೂ ಅಂಥದೇ ಮೋಟಾರ್ ರೂಪಿಸಿದ. 1912ರ ಕ್ಯಾಡಿಲಾಕ್ ಅದರೊಡನೆ ಬಂತು. ಆಮೇಲಿನ ಎಷ್ಟೋ ಕಾರುಗಳಲ್ಲಿ ಸ್ಟಾರ್ಟ್ ಮಾಡಲು ಬಟನ್ ಅಥವಾ ಕಾಲಿನ ಪೆಡಲ್ ಇತ್ತು. ಕೀಯನ್ನೇ ತಿರುಗಿಸಿ ಸ್ಟಾರ್ಟ್ ಮಾಡುವ ಪದ್ಧತಿಯನ್ನು ಕ್ರೈಸ್ಲರ್ ತಂದದ್ದು 1949ರಲ್ಲಿ. 1990ರ ದಶಕದ ಕೊನೆಗೆ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಕೀ ಜೇಬಿಗೆ ಹೋಯಿತು. 2010ರ ಹೊತ್ತಿಗೆ ನಿಸಾನ್ ಮೈಕ್ರಾದಂಥ ಸಣ್ಣ ಕಾರಿನ ಮೂಲಕ ನಮ್ಮ ರಸ್ತೆಗಳಿಗೂ ಇಳಿಯಿತು.

ಇದರ ಜತೆ ದಿನಾ ಬಾಳುವಾಗ ತಿಳಿದಿರಬೇಕಾದ ಸಂಗತಿಯೊಂದಿದೆ: ಕಾರು ಕೀಯನ್ನು ವಿಚಾರಿಸುವುದು ಹೊರಡುವಾಗ, ಮತ್ತೆ ಬಾಗಿಲು ತೆರೆದು ಮುಚ್ಚಿದಾಗ. ಗಂಡ ಕಾರು ಓಡಿಸುತ್ತಿದ್ದಾನೆ, ಕೀ ಹೆಂಡತಿಯ ಬ್ಯಾಗಿನಲ್ಲಿದೆ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಇಳಿದರು ಎನ್ನಿ. ಕೀ ಇಲ್ಲ ಎಂದು ಕಾರು ಕಿರುಚುತ್ತದೆ, ಆದರೆ ಎಂಜಿನ್ ನಿಲ್ಲಿಸುವುದಿಲ್ಲ. ನಿಲ್ಲಿಸಬಾರದು ಕೂಡ! ಶಿರಾಡಿ ಘಾಟಿಯ ತಿರುವಿನಲ್ಲಿ ಸೆಲ್ ಸತ್ತಿತೆಂದು ಎಂಜಿನ್ ಆರಿದರೆ ಸ್ಟೀರಿಂಗ್, ಬ್ರೇಕ್ ಎರಡೂ ಬಿಗಿಯಾಗಿ ಜೀವಕ್ಕೇ ಸಂಚಕಾರ. ಹಾಗಾಗಿ ಆತ ಕೀ ಇಲ್ಲದೆಯೇ ಸಕಲೇಶಪುರ ದಾಟಿ ಮಂಗಳೂರು ಮುಟ್ಟಬಹುದು. ಅಲ್ಲಿ ಆಫ್ ಮಾಡಿದ ಮೇಲೆ ಕಾರು ಮತ್ತೆ ಏಳುವುದಿಲ್ಲ. ಆ ಕಿರುಚಾಟವನ್ನು ದಯವಿಟ್ಟು ಕೇಳಿಸಿಕೊಳ್ಳಿ.

ಓಡುವ ಕಾರನ್ನು ತುರ್ತಾಗಿ ಆರಿಸುವುದು ಹೇಗೆ ಎಂಬುದು ಇನ್ನೂ ಮುಖ್ಯ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಬಳಿ, ನೆಲದ ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಿಕೊಂಡ ಲೆಕ್ಸಸ್ ಕಾರೊಂದು ನಿಲ್ಲದೆ ಓಡಿ ನಾಲ್ವರು ಸತ್ತರು. ಅದು ಬಟನ್ ಸ್ಟಾರ್ಟ್ ಕಾರು. ಓಡುವಾಗ ಆರಿಸಲು ಬಟನ್ ಅನ್ನು ಮೂರು ಸೆಕೆಂಡು ಒತ್ತಿಹಿಡಿಯಬೇಕಿತ್ತು. ಕೈ ತಪ್ಪಿ ತಾಗಿದರೆ ಎಂಜಿನ್ ಆರಬಾರದೆಂದೇ ಈ ಏರ್ಪಾಡು. ಅನೇಕ ಕಾರುಗಳಲ್ಲಿ ಈಗಲೂ ಒತ್ತಿಹಿಡಿಯಬೇಕು ಅಥವಾ ಬೆನ್ನುಬೆನ್ನಿಗೆ ಹಲವು ಸಲ ಒತ್ತಬೇಕು. ನಿಮ್ಮ ಕಾರಿನದು ಯಾವ ಕ್ರಮ ಎಂದು ಮ್ಯಾನ್ಯುಯಲ್ ತೆರೆದು ನೋಡಿಟ್ಟುಕೊಳ್ಳಿ.

ಬೇಸ್‌ಮೆಂಟಿನ ಮಾತೂ ಹೇಳಲೇಬೇಕು. ಕೀ ಎಳೆದುಕೊಳ್ಳುವ ಅಭ್ಯಾಸ ಹೋದ ಮೇಲೆ, ಎಂಜಿನ್ ಸದ್ದೂ ತಗ್ಗಿದ ಮೇಲೆ, ಆಫ್ ಮಾಡದೆ ಇಳಿದು ಹೋಗುವುದು ಸುಲಭವಾಯಿತು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಹೀಗೆ ಓಡುತ್ತಲೇ ಉಳಿದ ಕಾರುಗಳ ಕಾರ್ಬನ್ ಮೊನಾಕ್ಸೈಡ್‌ನಿಂದ ಅಮೆರಿಕದಲ್ಲಿ 2006ರಿಂದ ಎರಡು ಡಜನ್‌ಗಿಂತ ಹೆಚ್ಚು ಜನ ಸತ್ತದ್ದನ್ನು ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ ಬಯಲಿಗೆ ತಂದಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿಯುವ ಮುನ್ನ ಡ್ಯಾಶ್‌ಬೋರ್ಡ್ ಕತ್ತಲಾಗಿದೆಯೇ ಎಂದು ಒಮ್ಮೆ ನೋಡಿ.

ಇನ್ನು ಕಳ್ಳರು. ಗುಟ್ಟು ಒಡೆಯಲಾಗದ ಕಳ್ಳ ಬೇಲಿಯನ್ನೇ ಹಿಗ್ಗಿಸುತ್ತಾನೆ! ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಗೋಡೆಯ ಬಳಿ. ಕಾರಿನ ಕರೆಯನ್ನು ಒಬ್ಬ ಹಿಡಿದು ಇನ್ನೊಬ್ಬನಿಗೆ ದಾಟಿಸುತ್ತಾನೆ, ಒಳಗೆ ಮೇಜಿನ ಮೇಲಿದ್ದ ಕೀ ನಂಬಿ ಉತ್ತರಿಸುತ್ತದೆ. 2011ರಲ್ಲಿ ಜೂರಿಕ್‌ನ ಇಟಿಎಚ್ ಸಂಶೋಧಕರು ಎಂಟು ತಯಾರಕರ ಹತ್ತು ಕಾರು ಮಾಡೆಲ್‌ಗಳ ಮೇಲೆ ಇದನ್ನು ಮಾಡಿ ನೋಡಿದರು, ಹತ್ತೂ ಮೋಸಹೋದವು. ಅದಕ್ಕೆ ಉತ್ತರವಾಗಿ ಬಂದದ್ದು ಇನ್ನೂ ಬೆರಗಿನದು. ಕೆಲವು ಹೊಸ ಕೀಗಳು ಅಲುಗಾಡದೆ ಬಿದ್ದಿದ್ದರೆ ತಾವೇ ಕಿವಿ ಮುಚ್ಚಿ ನಿದ್ರಿಸುತ್ತವೆ. ಮತ್ತೆ ಕೆಲವು ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೋ ಬಳಸಿ, ಮಾತು ಹೋಗಿ ಬರಲು ಹಿಡಿದ ಹೊತ್ತನ್ನೇ ಅಳೆಯುತ್ತವೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸಾಗುವುದು 30 ಸೆಂಟಿಮೀಟರ್, ಒಂದು ಅಡಿಯಷ್ಟೇ. ಬೆಳಕಿಗಿಂತ ವೇಗವಾಗಿ ಮಾತನ್ನು ದಾಟಿಸಲು ಯಾವ ಕಳ್ಳನಿಂದಲೂ ಆಗದು! ನಿಮ್ಮ ಕೀಯಲ್ಲಿ ಇವೆರಡೂ ಇಲ್ಲದಿದ್ದರೆ, ರಾತ್ರಿ ಅದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿಡಿ. ಡಬ್ಬಿ ಸಮೇತ ಕಾರಿನ ಬಳಿ ಹೋಗಿ ಹಿಡಿಯ ಗುಂಡಿ ಒತ್ತಿ ನೋಡಿ. ಬಾಗಿಲು ತೆರೆಯದಿದ್ದರೆ ಡಬ್ಬಿ ಕೆಲಸ ಮಾಡುತ್ತಿದೆ.

ಈ ಭಾನುವಾರ ಒಂದು ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಕೀಯ ಬದಿಯ ಕೊಂಡಿ ಜಾರಿಸಿ ಉಕ್ಕಿನ ಕೀ ಹೊರತೆಗೆಯಿರಿ, ಅದು ಬಾಗಿಲ ಯಾವ ಸಂದಿಗೆ ಹೋಗುತ್ತದೆಂದು ಹುಡುಕಿ. ಸೆಲ್ ತೆಗೆದಿಟ್ಟು, ಬರಿಯ ಕೀಯನ್ನು ಬಟನ್‌ಗೆ ತಾಗಿಸಿ ಕಾರು ಸ್ಟಾರ್ಟ್ ಮಾಡಿ ನೋಡಿ. ಮನೆಯಲ್ಲಿ ಆ ಕಾರು ಓಡಿಸುವ ಪ್ರತಿಯೊಬ್ಬರಿಗೂ, ಮುಖ್ಯವಾಗಿ ಹೊಸದಾಗಿ ಲೈಸೆನ್ಸ್ ತೆಗೆದ ಮಕ್ಕಳಿಗೆ, ಎದುರಿಗೇ ಮಾಡಿ ತೋರಿಸಿ.