ಶಾಲೆಗಿಂತ ಮೊದಲು ಕುದುರೆಯ ಕಾಲು ನೋಡಿ

ಬಾಶೆಟ್ಟಿಹಳ್ಳಿಯ ಸುತ್ತಮುತ್ತ ದನ ನೋಡಿ ಬೆಲೆ ಕಟ್ಟುವ ಕಣ್ಣಿಗೆ ಬರವಿಲ್ಲ. ಊರಿನ ಒಂದು ಮಗ್ಗುಲಿಗೆ ಕಾರ್ಖಾನೆಗಳು, ಅಪ್ಯಾರಲ್ ಪಾರ್ಕು ಬಂದು ಎಷ್ಟೋ ವರ್ಷಗಳಾದರೂ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಬರುವ ಮನೆಗಳು ಇಲ್ಲಿ ಇನ್ನೂ ಇವೆ. ಅಲ್ಲಿ ಎತ್ತು ಕೊಳ್ಳುವವರು ಮಾರುವವನ ಮಾತಿಗೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಕುದುರೆ ಸವಾರಿ ಕಲಿಯಲು ಶಾಲೆ ಹುಡುಕುವವರಿಗೂ ಇದೇ ಕಣ್ಣು ಬೇಕು. ಶಾಲೆಯ ಕಟ್ಟಡ, ಗೋಡೆಯ ಮೇಲಿನ ಪದಕ, ಫೋಟೊಗಳೆಲ್ಲ ಆಮೇಲೆ. ಮೊದಲು ಲಾಯಕ್ಕೆ ಹೋಗಿ ಕುದುರೆಗಳ ಕಾಲು, ಬೆನ್ನು, ನೀರಿನ ತೊಟ್ಟಿ ನೋಡಬೇಕು. ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳದ ಕಡೆ ಹೊಸಬರನ್ನೂ ಚೆನ್ನಾಗಿ ನೋಡಿಕೊಳ್ಳುವುದಿಲ್ಲ.

ದೇಶದಲ್ಲಿ ಸವಾರಿ ಕಲಿಯಲು ಒಳ್ಳೆಯ ಅವಕಾಶ ಇರುವ ಕೆಲವೇ ಪ್ರದೇಶಗಳಲ್ಲಿ ಬೆಂಗಳೂರಿನ ಉತ್ತರ ಭಾಗವೂ ಒಂದು. ಬಾಶೆಟ್ಟಿಹಳ್ಳಿಯಿಂದ ಯಲಹಂಕದ ದಾರಿ ಹಿಡಿದು, ರಾಜಾನುಕುಂಟೆಯ ಆಸುಪಾಸಿನ ಒಳರಸ್ತೆಗಳಲ್ಲಿ ಪೂರ್ವಕ್ಕೆ ಸಾಗಿದರೆ ವಿಮಾನ ನಿಲ್ದಾಣದ ಹೆದ್ದಾರಿ ಕಡೆಗೆ ಬರುತ್ತೇವೆ. ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಇರುವುದು ಆ ಭಾಗದಲ್ಲಿ. ಜಿತು ವಿರ್ವಾನಿ 1996ರಲ್ಲಿ ಅದನ್ನು ಶುರುಮಾಡಿದರು. ಚಿಕ್ಕಂದಿನಲ್ಲಿ ಅಲ್ಲಿ ಕಲಿತ ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನ ಮೂರು ಬಗೆಯ ಸವಾರಿ ಪರೀಕ್ಷೆಗಳಿರುವ ಈವೆಂಟಿಂಗ್‌ನಲ್ಲಿ ಎರಡು ಬೆಳ್ಳಿ ಗೆದ್ದರು, ಒಂದು ವೈಯಕ್ತಿಕ, ಇನ್ನೊಂದು ತಂಡದ್ದು. 1982ರ ದೆಹಲಿ ಏಷ್ಯನ್ ಗೇಮ್ಸ್ ನಂತರ ಆ ಕೂಟದ ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು ಅದೇ ಮೊದಲು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಫೈನಲ್ ತಲುಪಿ 23ನೆಯವರಾದರು. ಅವರ ತಂದೆ ಕುದುರೆಗಳ ವೈದ್ಯರು. ಓಟಕ್ಕಿಂತ ಮೊದಲು ಕುದುರೆಯ ಆರೋಗ್ಯದ ಮಾತು ಕೇಳುತ್ತ ಬೆಳೆದ ಹುಡುಗ ಎಂಬುದು ನನಗೆ ಪದಕದಷ್ಟೇ ಮುಖ್ಯವಾಗಿ ಕಾಣುತ್ತದೆ.

ನಗರದೊಳಗೆ ರೇಸ್‌ಕೋರ್ಸ್‌ನಲ್ಲಿ ಬೆಂಗಳೂರು ಅಮೆಚೂರ್ ರೈಡರ್ಸ್ ಇನ್‌ಸ್ಟಿಟ್ಯೂಟ್ ಇದೆ. ಮೈಸೂರಿನ ಕಡೆ ನೆಂಟರಿದ್ದರೆ, ಅಲ್ಲಿನ ಅಶ್ವಾರೋಹಿ ಪೊಲೀಸ್ ದಳ ಮಕ್ಕಳಿಗೆ ಬೇಸಿಗೆ ಶಿಬಿರಗಳನ್ನು ನಡೆಸುತ್ತ ಬಂದಿದೆ. ದಸರಾ ಮೆರವಣಿಗೆಯಲ್ಲಿ ನಾವು ನೋಡುವ ಕುದುರೆಗಳು ಆ ದಳದವೇ.

ಕಾಲೇಜಿನಲ್ಲಿ ಓದುತ್ತಿರುವವರಿಗೆ ಇನ್ನೊಂದು ದಾರಿಯಿದೆ, ಅದು ಹೆಚ್ಚು ಜನರ ಕಣ್ಣಿಗೆ ಬೀಳುವುದಿಲ್ಲ. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಎಂಬ ವಿಭಾಗವಿದೆ, ಅದರ ಕರ್ನಾಟಕದ ಘಟಕ ಹೆಬ್ಬಾಳದಲ್ಲಿದೆ. ಅಲ್ಲಿ ಕೆಡೆಟ್‌ಗಳಿಗೆ ಸವಾರಿಯ ಜೊತೆಗೆ ಕುದುರೆಯ ಮೈ ತಿಕ್ಕುವುದು, ಗೊರಸು ಶುಚಿ ಮಾಡುವುದು, ಮೇವಿನ ಲೆಕ್ಕ, ಎಲ್ಲವನ್ನೂ ಕಲಿಸುತ್ತಾರೆ. ಖಾಸಗಿ ಶಾಲೆಯ ಶುಲ್ಕ ಕಟ್ಟಲಾಗದ ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಪ್ರವೇಶ ವರ್ಷದ ಆರಂಭದಲ್ಲೇ ನಡೆಯುವುದರಿಂದ, ಕಾಲೇಜು ಸೇರಿದ ಕೂಡಲೇ ಎನ್‌ಸಿಸಿ ಅಧಿಕಾರಿಯನ್ನು ವಿಚಾರಿಸಬೇಕು.

ಇನ್ನು ಶಾಲೆ ನೋಡುವ ಬಗೆ. ಫೋನ್ ಮಾಡಿ, ತರಗತಿ ನಡೆಯುವ ಹೊತ್ತಿಗೆ ಬಂದು ನೋಡಬಹುದೇ ಎಂದು ಕೇಳಿ. ಬೇಡ ಎಂದರೆ ಆ ಶಾಲೆಯನ್ನು ಅಲ್ಲಿಗೇ ಬಿಡಬಹುದು. ತರಗತಿಗಳು ಸಾಮಾನ್ಯವಾಗಿ ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಸಂಜೆ. ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ಕುದುರೆಗಳಿಗೆ ರಜೆ. ರಜೆಯೇ ಇಲ್ಲದ ಲಾಯವಾದರೆ ಅನುಮಾನ ಪಡಿ.

ಲಾಯದಲ್ಲಿ ಮೊದಲು ಮೂಗಿಗೆ ಕೆಲಸ ಕೊಡಿ. ಲದ್ದಿ, ಹುಲ್ಲಿನ ವಾಸನೆ ಸಹಜ. ಕಣ್ಣು ಉರಿಯುವಷ್ಟು ಮೂತ್ರದ ಘಾಟಿದ್ದರೆ ನೆಲ ಶುಚಿಯಾಗಿಲ್ಲ ಎಂದರ್ಥ, ಆ ಗಾಳಿ ಕುದುರೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಆಮೇಲೆ ನೀರು. ಕುದುರೆ ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ತೊಟ್ಟಿ ಖಾಲಿಯಿದ್ದರೆ, ಪಾಚಿ ಕಟ್ಟಿದ್ದರೆ ಲಾಯದ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ. ಪಕ್ಕೆಲುಬು ಕೈಗೆ ಸಿಗಬೇಕು, ದೂರದಿಂದಲೇ ಎಣಿಸುವಂತಿರಬಾರದು. ಜೀನು ಕೂರುವ ಜಾಗದಲ್ಲಿ, ಹೊಟ್ಟೆಪಟ್ಟಿ ಬಿಗಿಯುವಲ್ಲಿ ಕೂದಲು ಉದುರಿದೆಯೇ, ಹುಣ್ಣಿದೆಯೇ ನೋಡಿ. ಬೆನ್ನಿನ ಮೇಲೆ ಅಲ್ಲಲ್ಲಿ ಬಿಳಿಕೂದಲಿನ ಮಚ್ಚೆಗಳಿದ್ದರೆ ಅವು ಹಲವು ಬಾರಿ ಸರಿಹೊಂದದ ಜೀನು ಒತ್ತಿದ ಹಳೆಯ ಗುರುತುಗಳು. ಜೀನು ಹೊತ್ತು ತಂದ ಕೂಡಲೇ ಕುದುರೆ ಕಿವಿಯನ್ನು ಹಿಂದಕ್ಕೆ ಚಪ್ಪಟೆ ಮಾಡಿ ಕಚ್ಚಲು ಬಂದರೆ, ಅದು ಪೊಗರಲ್ಲ. ಹೆಚ್ಚಿನ ಸಲ ಅದು ನೋವು, ಬೆನ್ನಿನದೂ ಇರಬಹುದು.

ಗೊರಸಿಗೆ ಹೆಚ್ಚು ಹೊತ್ತು ಕೊಡಿ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ಲಾಳ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಕಟ್ಟುವ ಕೆಲಸ ಆರರಿಂದ ಎಂಟು ವಾರಕ್ಕೊಮ್ಮೆ ನಡೆಯಲೇಬೇಕು. ಲಾಳಗಾರ ಕಳೆದ ಸಲ ಯಾವಾಗ ಬಂದಿದ್ದ ಎಂದು ಕೇಳಿದರೆ ಒಳ್ಳೆಯ ಲಾಯದಲ್ಲಿ ತಡವರಿಸದೆ ಉತ್ತರ ಬರುತ್ತದೆ. ಗೊರಸಿನ ಅಡಿಯಲ್ಲಿ ಕಪ್ಪಗಾಗಿ ಕೊಳೆತ ವಾಸನೆ ಬರುತ್ತಿದ್ದರೆ ಕುದುರೆ ಬಹಳ ದಿನ ಒದ್ದೆಯಲ್ಲಿ ನಿಂತಿದೆ.

ಗ್ಲ್ಯಾಂಡರ್ಸ್ ಪರೀಕ್ಷೆಯ ಬಗ್ಗೆಯೂ ಕೇಳಲು ಸಂಕೋಚ ಬೇಡ. ಇದು ಕುದುರೆ, ಕತ್ತೆಗಳಿಂದ ಮನುಷ್ಯರಿಗೂ ಹರಡಬಲ್ಲ ಗಂಭೀರ ಕಾಯಿಲೆ. ಇದರ ರಕ್ತಪರೀಕ್ಷೆಯಲ್ಲಿ ನುರಿತ ಸಂಸ್ಥೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಜವಾಬ್ದಾರಿಯುತ ಶಾಲೆಯವರು ಪರೀಕ್ಷೆಯ ವರದಿಗಳನ್ನು ಇಟ್ಟುಕೊಂಡಿರುತ್ತಾರೆ. ನಿಮ್ಮ ಕಡೆಯಿಂದಲೂ ಒಂದು ಕೆಲಸವಿದೆ: ಧನುರ್ವಾಯು ಚುಚ್ಚುಮದ್ದು. ಆ ರೋಗಾಣು ಲದ್ದಿ ಬಿದ್ದ ಮಣ್ಣಿನಲ್ಲಿ ಸಾಮಾನ್ಯ, ಸಣ್ಣ ತರಚುಗಾಯವೂ ಅದಕ್ಕೆ ಸಾಕು.

ನಮ್ಮ ಕಡೆಯ ಸವಾರಿ ಶಾಲೆಗಳ ಕುದುರೆಗಳಲ್ಲಿ ಬಹಳಷ್ಟು ರೇಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು. ಬೆಂಗಳೂರಿನಲ್ಲಿ ರೇಸ್ ಇದೆ, ಕುಣಿಗಲ್‌ನಲ್ಲಿ ಹಳೆಯ ಕುದುರೆ ಫಾರ್ಮ್ ಇದೆ, ಹಾಗಾಗಿ ಇಂಥ ಕುದುರೆಗಳು ಸಿಗುವುದು ಸುಲಭ. ಓಟ ಮುಗಿದ ಕುದುರೆಗೆ ಎರಡನೆಯ ಬದುಕು ಸಿಗುವುದು ಸಂತೋಷದ ವಿಷಯವೇ. ಆದರೆ ಹೊಸಬರು ಒಂದು ಮಾತು ತಿಳಿದಿರಬೇಕು. ರೇಸ್ ಕುದುರೆ ಲಗಾಮಿನ ಬಿಗಿತಕ್ಕೆ ಒರಗಿಕೊಂಡು ಓಡಲು ಕಲಿತಿರುತ್ತದೆ. ಹೆದರಿದ ಹೊಸಬ ಲಗಾಮನ್ನು ಬಿಗಿಯಾಗಿ ಎಳೆದು ಮುಂದಕ್ಕೆ ಬಾಗಿದರೆ, ಅದಕ್ಕೆ ಕೇಳಿಸುವುದು ‘ನಿಲ್ಲು’ ಎಂದಲ್ಲ, ‘ಓಡು’ ಎಂದು. ಈ ಅಭ್ಯಾಸ ಬಿಡಿಸಲು ತಿಂಗಳುಗಟ್ಟಲೆ ಮರುತರಬೇತಿ ಬೇಕು. ಆದ್ದರಿಂದ ನಿಮಗೆ ಕೊಡುವ ಕುದುರೆ ರೇಸಿನಿಂದ ಬಂದು ಎಷ್ಟು ಕಾಲವಾಯಿತು, ಮಕ್ಕಳು ಅದರ ಮೇಲೆ ಕೂರುತ್ತಾರೆಯೇ ಎಂದು ಕೇಳಿ. ಹೊಸಬರಿಗೆ ಬೇಕಾದದ್ದು ಚೆಲುವಾದ ಎಳೆಯ ಕುದುರೆಯಲ್ಲ. ಹತ್ತು ವರ್ಷ ದಾಟಿದ, ನೂರಾರು ತಪ್ಪುಗಳನ್ನು ಸಹಿಸಿ ಗೊತ್ತಿರುವ ಕುದುರೆ.

ತೂಕದ ಲೆಕ್ಕವೂ ಇದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಬಹಳ ಕಡೆ ಒಪ್ಪಿರುವ ಅಂದಾಜು. 450 ಕಿಲೋ ಕುದುರೆಗೆ 90 ಕಿಲೋ. ಜೀನಿನ ತೂಕ ಕಳೆದರೆ ಸವಾರನಿಗೆ ಉಳಿಯುವುದು 80ರ ಆಸುಪಾಸು. ನಿಮ್ಮ ತೂಕವನ್ನು ಕೇಳದೆ ಕುದುರೆ ಹತ್ತಿಸುವವರು ಕುದುರೆಯ ಬಗ್ಗೆ ಯೋಚಿಸಿಲ್ಲ.

ಶುಲ್ಕ ಕಟ್ಟುವ ಮೊದಲು ಕೇಳಬೇಕಾದದ್ದು ಹೆಚ್ಚಿಲ್ಲ. ತರಗತಿ 30 ನಿಮಿಷವೋ 45 ನಿಮಿಷವೋ, ಅದರಲ್ಲಿ ಜೀನು ಕಟ್ಟುವ ಹೊತ್ತು ಸೇರಿದೆಯೇ? ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಮಳೆ ಬಂದು ತರಗತಿ ನಿಂತರೆ ಹಣ ಏನಾಗುತ್ತದೆ? ಬಿದ್ದರೆ ಪ್ರಥಮ ಚಿಕಿತ್ಸೆ ಮಾಡುವವರು ಯಾರು, ಹತ್ತಿರದ ಆಸ್ಪತ್ರೆ ಯಾವುದು? ಇಡೀ ವರ್ಷದ ಹಣವನ್ನು ಒಟ್ಟಿಗೆ ಕಟ್ಟಬೇಡಿ. ಮೊದಲು ಒಂದೇ ತರಗತಿ, ಒಗ್ಗಿದರೆ ಒಂದು ತಿಂಗಳು. ಬೆನ್ನುಮೂಳೆಯ ತೊಂದರೆ, ಮೂರ್ಛೆ, ಮೂಳೆ ಸವೆತ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ವೈದ್ಯರನ್ನು ಕೇಳದೆ ಕುದುರೆ ಹತ್ತಬಾರದು.

ಉಡುಪಿಗೆ ಆರಂಭದಲ್ಲಿ ದುಡ್ಡು ಸುರಿಯುವ ಅಗತ್ಯವಿಲ್ಲ, ಹೆಲ್ಮೆಟ್‌ಗೆ ಮಾತ್ರ ಜಿಪುಣತನ ಬೇಡ. ಬೈಕಿನ ಹೆಲ್ಮೆಟ್ ಭಾರ, ಅದು ಕತ್ತನ್ನು ಜಗ್ಗುತ್ತದೆ. ಸೈಕಲ್ಲಿನದು ತಲೆಯ ಹಿಂಭಾಗವನ್ನು ಸರಿಯಾಗಿ ಕಾಯುವುದಿಲ್ಲ. ಸವಾರಿಗೆಂದೇ ಮಾಡಿದ, ಒಳಗೆ ‘ಎಎಸ್‌ಟಿಎಂ ಎಫ್1163’ ಅಥವಾ ‘ಇಎನ್ 1384’ ಎಂಬ ಮುದ್ರೆ ಇರುವುದನ್ನು ಕೊಳ್ಳಿ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಬೇಕು. ಕಾಲಿಗೆ ಸಣ್ಣ ಹಿಮ್ಮಡಿ ಇರುವ, ಅಡಿ ನುಣುಪಾದ ಶೂ. ಹಿಮ್ಮಡಿಯಿಲ್ಲದ ಕ್ಯಾನ್ವಾಸ್ ಶೂ, ಪಾದ ಊರುವ ರಿಕಾಪಿನೊಳಗೆ ಜಾರಿ ಪಾದ ಸಿಕ್ಕಿಕೊಂಡರೆ, ಬಿದ್ದವರನ್ನು ಕುದುರೆ ಎಳೆದುಕೊಂಡು ಹೋಗುತ್ತದೆ. ಸವಾರಿಯಲ್ಲಿ ಅತ್ಯಂತ ಭಯಾನಕವಾದ ಅಪಘಾತ ಅದು, ಅದನ್ನು ತಡೆಯುವುದು ಆ ಒಂದಿಂಚು ಹಿಮ್ಮಡಿ. ಪ್ಯಾಂಟು ಹಿಗ್ಗುವಂಥದ್ದಿರಲಿ. ದಪ್ಪ ಹೊಲಿಗೆಯ ಜೀನ್ಸ್ ತೊಡೆಯ ಒಳಭಾಗದ ಚರ್ಮ ಸುಲಿಯುತ್ತದೆ. ಮುಂದೆ ಸವಾರಿ ಮನಸ್ಸಿಗೆ ಹಿಡಿದು ಸ್ವಂತ ಜೀನು, ಲಗಾಮು ಬೇಕೆನಿಸಿದರೆ ಕಾನ್ಪುರದ ಚರ್ಮದ ಕೆಲಸವಿದೆ, ಅಲ್ಲಿನ ಜೀನುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಮೊದಲ ದಿನ ಹೆಚ್ಚಿನ ಕಲಿಕೆ ನೆಲದ ಮೇಲೆಯೇ ಆಗಬೇಕು. ಕುದುರೆಯ ಕಣ್ಣು ತಲೆಯ ಎರಡು ಬದಿಗಿದ್ದು, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ. ಅದಕ್ಕೇ ಭುಜದ ಕಡೆಯಿಂದ, ಮಾತಾಡಿಸುತ್ತ ಹತ್ತಿರ ಹೋಗಬೇಕು. ಹಿಂದಿನಿಂದ ಸದ್ದಿಲ್ಲದೆ ಹೋದರೆ ಅದು ಒದೆಯುವುದು ಕೆಟ್ಟತನದಿಂದಲ್ಲ, ಗಾಬರಿಯಿಂದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಚಿ ಹಿಡಿಯಬೇಕು. ಬೆಲ್ಲವನ್ನೋ ಕ್ಯಾರೆಟ್ಟನ್ನೋ ಕೊಡುವಾಗ ಅಂಗೈ ಚಪ್ಪಟೆಯಾಗಿರಲಿ. ಕುದುರೆ ನೋಡಿಕೊಳ್ಳುವ ಸಾಯಿಸ್ ಜೊತೆ ನಿಂತು ಮೈ ತಿಕ್ಕುವುದನ್ನು ಕಲಿಯಿರಿ. ಮೇವಿನ ವಿಷಯದಲ್ಲಿ ನಮ್ಮವರಿಗೆ ಹೊಸದೇನಿಲ್ಲ: ಹುಲ್ಲು, ತೌಡು, ಕುದುರೆ ಮಸಾಲೆ ಸೊಪ್ಪು, ದೊಡ್ಡಬಳ್ಳಾಪುರದ ಕಡೆಯ ಹೊಲಗಳಲ್ಲೂ ಬೆಳೆಯುವ ಹುರುಳಿ. ಹೊಸದು ಎಂದರೆ ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಎಂಬುದು. ತಪ್ಪು ತಿಂಡಿ ಹೊಟ್ಟೆಗೆ ಹೋದರೆ ಅದು ಹೊಟ್ಟೆಶೂಲೆಯಾಗಿ ಪ್ರಾಣಕ್ಕೇ ಬರಬಹುದು. ಹೇಳದೆ ಕೇಳದೆ ಏನನ್ನೂ ತಿನ್ನಿಸಬೇಡಿ.

ಹತ್ತುವ ಮೊದಲು ಹೊಟ್ಟೆಪಟ್ಟಿಯನ್ನು ಎರಡು ಸಲ ಬಿಗಿಯುತ್ತಾರೆ. ಮೊದಲ ಸಲ ಬಿಗಿಯುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸಿಕೊಂಡಿರುತ್ತವೆ, ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲ. ಹತ್ತುವುದು ಎಡಗಡೆಯಿಂದ, ಸಾಧ್ಯವಾದರೆ ಕಟ್ಟೆಯ ಮೇಲಿಂದ. ನೆಲದಿಂದ ಜಗ್ಗಿ ಹತ್ತಿದರೆ ಕುದುರೆಯ ಬೆನ್ನು ಒಂದೇ ಕಡೆಗೆ ತಿರುಚುತ್ತದೆ.

ಒಳ್ಳೆಯ ಶಿಕ್ಷಕರು ಮೊದಲ ಕೆಲವು ತರಗತಿಗಳಲ್ಲಿ ನಿಮ್ಮ ಕೈಗೆ ಲಗಾಮನ್ನೇ ಕೊಡುವುದಿಲ್ಲ. ಕುದುರೆಗೆ ಸುಮಾರು ಎಂಟು ಮೀಟರಿನ ಉದ್ದ ಹಗ್ಗ ಕಟ್ಟಿ, ತಾವು ನಡುವೆ ನಿಂತು ವೃತ್ತದಲ್ಲಿ ನಡೆಸುತ್ತಾರೆ. ಇದಕ್ಕೆ ಲಂಜಿಂಗ್ ಎನ್ನುತ್ತಾರೆ. ಕುದುರೆ ಅವರ ಹಿಡಿತದಲ್ಲಿರುವಾಗ ನೀವು ತೋಳು ಚಾಚಿ, ಸೊಂಟ ತಿರುಗಿಸಿ, ಕಣ್ಣು ಮುಚ್ಚಿ ಸಮತೋಲನವೊಂದನ್ನೇ ಕಲಿಯುತ್ತೀರಿ. ಹಣ ಕೊಟ್ಟು ಬರೀ ಸುತ್ತು ಹೊಡೆಯುವುದೇ ಎಂದು ಕೆಲವರಿಗೆ ಬೇಸರವಾಗುತ್ತದೆ. ಆದರೆ ಸಮತೋಲನ ಬರುವ ಮೊದಲೇ ಲಗಾಮು ಸಿಕ್ಕಿದವರು ಬೀಳದಿರಲು ಅದಕ್ಕೇ ಜೋತುಬೀಳುತ್ತಾರೆ. ಲಗಾಮಿನ ಇನ್ನೊಂದು ತುದಿಯಲ್ಲಿ ಕುದುರೆಯ ಬಾಯೊಳಗಿನ ಕಬ್ಬಿಣದ ಕಡಿವಾಣವಿದೆ. ಅಲ್ಲಿನ ವಸಡು, ನಾಲಿಗೆ ನಮ್ಮದರಷ್ಟೇ ಮೃದು. ಮೊದಲ ದಿನವೇ ಲಗಾಮು ಕೊಟ್ಟು ಓಡಿಸುವ ಕಡೆ ನೋವು ತಿನ್ನುವುದು ಆ ಬಾಯಿ.

ಕೂರುವ ಭಂಗಿಯಲ್ಲಿ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರದಲ್ಲಿರಬೇಕು. ಕಾಲು ಚಾಚಿ ಕುರ್ಚಿಯಲ್ಲಿ ಕೂತವರಂತಾದರೆ ಕುದುರೆ ಮುಂದಕ್ಕೆ ಹೆಜ್ಜೆಯಿಟ್ಟ ಕೂಡಲೇ ಹಿಂದಕ್ಕೆ ವಾಲುತ್ತೀರಿ. ನಡಿಗೆಯಲ್ಲಿ ನಾಲ್ಕು ತಾಳ, ಹೊಸಬರಿಗೂ ಹಿತ. ಅದಾದ ಮೇಲೆ ಬರುವ ಟ್ರಾಟ್ ನಿಜವಾದ ಪರೀಕ್ಷೆ. ಮುಂದಿನ ಒಂದು ಕಾಲು ಮತ್ತು ಹಿಂದಿನ ಎದುರು ಬದಿಯ ಕಾಲು ಜೋಡಿಯಾಗಿ ಏಳುವುದರಿಂದ ಅದರಲ್ಲಿ ಎರಡೇ ತಾಳ, ಜೀನು ಪ್ರತಿ ಹೆಜ್ಜೆಗೂ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಅದರ ಜೊತೆ ಗುದ್ದಾಡದೆ ಒಂದು ತಾಳಕ್ಕೆ ಎದ್ದು ಇನ್ನೊಂದಕ್ಕೆ ಕೂರುವುದನ್ನು ಕಲಿಸುತ್ತಾರೆ. ಹೆಚ್ಚಿನವರಿಗೆ ಇದು ಕೈಗೂಡಲು ಹಲವು ವಾರ ಹಿಡಿಯುತ್ತದೆ. ತೊಡೆಯ ಒಳಭಾಗ ನೋಯುವುದು ಸಹಜ, ಮೊಣಕಾಲೋ ಬೆನ್ನೋ ನೋಯುತ್ತಿದ್ದರೆ ರಿಕಾಪಿನ ಉದ್ದ ಸರಿಯಿಲ್ಲ ಎಂದು ಶಿಕ್ಷಕರಿಗೆ ಹೇಳಿ. ಮೂರು ತಾಳದ ಕ್ಯಾಂಟರ್ ಟ್ರಾಟ್‌ಗಿಂತ ಮೆತ್ತಗಿದ್ದರೂ ವೇಗ ಹೆಚ್ಚು. ಟ್ರಾಟ್‌ನಲ್ಲಿ ರಿಕಾಪಿಲ್ಲದೆ ಕೂರಲು ಬರುವ ತನಕ ಅದಕ್ಕೆ ಅವಸರಿಸಬೇಡಿ. ಜಿಗಿತದ ಮಾತು ಇನ್ನೂ ಎಷ್ಟೋ ತಿಂಗಳ ನಂತರದ್ದು.

ವಾರಕ್ಕೆ ಎರಡು ತರಗತಿ ಸಿಕ್ಕರೆ ಮೈ ಕಲಿತದ್ದನ್ನು ಮರೆಯುವುದಿಲ್ಲ, ಒಂದೇ ಆದರೆ ಪ್ರತಿ ಸಲ ಅರ್ಧ ಹೊತ್ತು ಹಳೆಯದನ್ನು ನೆನಪಿಸಿಕೊಳ್ಳಲು ಹೋಗುತ್ತದೆ. ಪಾಳಿಯಲ್ಲಿ ದುಡಿಯುವ ಕಾರ್ಖಾನೆಯವರು ರಾತ್ರಿ ಪಾಳಿ ಮುಗಿಸಿ ನೇರ ಸವಾರಿಗೆ ಹೋಗುವುದು ಬೇಡ. ನಿದ್ದೆಗೆಟ್ಟ ಮೈಗೆ ಸಮತೋಲನ ಬರುವುದಿಲ್ಲ. ವಯಸ್ಸಾಯಿತು ಎಂಬ ಅಳುಕಿರುವವರಿಗೆ ಹೇಳುವುದಾದರೆ, ಜಪಾನಿನ ಹಿರೋಶಿ ಹೊಕೆತ್ಸು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕುದುರೆಯನ್ನು ತಾಳಬದ್ಧವಾಗಿ ನಡೆಸುವ ಡ್ರೆಸ್ಸಾಜ್ ಸ್ಪರ್ಧೆಗಿಳಿದಾಗ ಅವರಿಗೆ 71 ವರ್ಷ. ಹೆಣ್ಣುಮಕ್ಕಳಿಗೂ ಇಲ್ಲಿ ಬೇರೆ ಪಟ್ಟಿಯಿಲ್ಲ, ಒಲಿಂಪಿಕ್ಸ್‌ನಲ್ಲಿ ಗಂಡಸರೂ ಹೆಂಗಸರೂ ಒಂದೇ ಕಣದಲ್ಲಿ ಸ್ಪರ್ಧಿಸುತ್ತಾರೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸ್ಸಾಜ್ ಚಿನ್ನ ತಂದ ಭಾರತದ ನಾಲ್ವರಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಇಬ್ಬರು ಹೆಣ್ಣುಮಕ್ಕಳು.

ತರಗತಿ ಮುಗಿದ ಕೂಡಲೇ ಇಳಿದು ಹೊರಟುಬಿಡಬೇಡಿ. ಹೊಟ್ಟೆಪಟ್ಟಿ ಸಡಿಲಿಸಿ, ಉಸಿರು ಮಾಮೂಲಿಗೆ ಬರುವ ತನಕ ಕುದುರೆಯನ್ನು ನಡೆಸಿ, ಜೀನಿನಡಿ ಬೆವರಿದ ಜಾಗವನ್ನು ತೊಳೆದು ಒರೆಸಿ. ಜೀನು ಇಳಿಸಿದ ಕೂಡಲೇ ನೋಡಿದಾಗ ಬೆನ್ನಿನ ಮೇಲೆ ಒಂದು ಕಡೆ ಮಾತ್ರ ಒಣಗಿದ ಗುರುತು ಉಳಿದು ಸುತ್ತಲೂ ಒದ್ದೆಯಿದ್ದರೆ, ಜೀನು ಅಲ್ಲಿ ಒತ್ತುತ್ತಿರಬಹುದು. ಅದನ್ನು ಅಂದೇ ಸಾಯಿಸ್‌ಗೂ ಶಿಕ್ಷಕರಿಗೂ ತೋರಿಸಿ, ಮುಂದಿನ ತರಗತಿಗೆ ಆ ಕುದುರೆಗೆ ಬೇರೆ ಜೀನು ಹಾಕಿಸಿ.