ಡಬ್ಬಿ ತಂದೀರೇನು?

ಹಲವು ವರ್ಷದ ಹಿಂದಿನ ಮಾತು. ಗದಗಿನ ಒಂದು ದವಾಖಾನೆಯಲ್ಲಿ ಸಂಬಂಧಿಕರೊಬ್ಬರ ರಿಪೋರ್ಟಿಗಾಗಿ ಕಾಯುತ್ತ ಕೂತಿದ್ದೆ. ಲಕ್ಷ್ಮೇಶ್ವರದ ಕಡೆಯಿಂದ ಬಂದ ಟಂಟಂ ಒಂದು ಬಾಗಿಲಿಗೇ ಬಂದು ನಿಂತಿತು. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬನನ್ನು ಇಬ್ಬರು ಎತ್ತಿ ತಂದರು. ಬಾಯಿಂದ ಜೊಲ್ಲು ಸೋರುತ್ತಿತ್ತು, ಅಂಗಿ ಬೆವರಿಗೆ ತೊಯ್ದು ಮೈಗಂಟಿತ್ತು, ತೋಳಿನ ಖಂಡ ತಾನೇ ತಾನಾಗಿ ಅದುರುತ್ತಿತ್ತು.

“ಏನಾತು?”

“ಹತ್ತಿಗೆ ಎಣ್ಣಿ ಹೊಡಿಯಾಕ ಹೋಗಿದ್ದ್ರಿ ಸಾಹೇಬ್ರ. ಗಾಳಿ ತಿರುಗ್ತರೀ.”

“ಯಾವ ಎಣ್ಣಿ? ಡಬ್ಬಿ ತಂದೀರೇನು?”

ವೈದ್ಯರು ಮಾತಾಡುತ್ತಲೇ ಹುಡುಗನ ಕಣ್ಣಿಗೆ ಟಾರ್ಚ್ ಬಿಟ್ಟರು. ಪಾಪೆ ಸೂಜಿಮೊನೆಯಷ್ಟಾಗಿತ್ತು. ನರ್ಸ್ ಅಟ್ರೋಪಿನ್ ಏರಿಸತೊಡಗಿದರು. ಜತೆಗೆ ಬಂದಿದ್ದ ಮುದುಕ ಟವೆಲ್ಲಿನ ಗಂಟು ಬಿಚ್ಚಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. ಚೀಟಿ ಅರ್ಧ ಹರಿದಿತ್ತು. ಉಳಿದರ್ಧದಲ್ಲಿ ಹೆಸರಿನ ಮೊದಲೆರಡು ಅಕ್ಷರ ಮಾತ್ರ ಕಾಣುತ್ತಿದ್ದವು: ‘ಮೊನೊ’.

ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಎರೆಸೀಮೆಯಲ್ಲಿ ಇಂಥ ಸಂಜೆಗಳು ಹೊಸವಲ್ಲ. ಡಬ್ಬಿ ಸಿಕ್ಕರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಆದರೆ ಡಬ್ಬಿಯೇ ಇಲ್ಲದಿದ್ದರೆ? ಒಬ್ಬ ಹುಡುಗನ ಬದಲು ಇಡೀ ಓಣಿ ನೆಲಕ್ಕೆ ಬಿದ್ದಿದ್ದರೆ? ಅಲ್ಲಿಗೆ ಹೋಗುವ ದಾರಿಯಲ್ಲಿ ಗುಂಡು ಹಾರುತ್ತಿದ್ದರೆ, ನೋಡಿದವರು ಊರು ಬಿಟ್ಟಿದ್ದರೆ, ಆದದ್ದೇನು ಎಂಬುದರ ಬಗ್ಗೆ ದೇಶಗಳೇ ಜಗಳಕ್ಕೆ ನಿಂತಿದ್ದರೆ? ಅಂಥ ಕಡೆ ಹೋಗಿ “ಯಾವ ಎಣ್ಣಿ?” ಎಂದು ಕೇಳುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಅವರು ರಾಸಾಯನಿಕ ಅಸ್ತ್ರ ಬಳಕೆಯ ತನಿಖಾಧಿಕಾರಿಗಳು.

ಹೊಲದ ಎಣ್ಣೆ, ಯುದ್ಧದ ವಿಷ

ನಮ್ಮ ಹೊಲದ ಎಣ್ಣೆಗೂ, ಎಂದರೆ ಕೀಟನಾಶಕಕ್ಕೂ, ಅವರು ಹುಡುಕುವ ವಿಷಕ್ಕೂ ನಂಟಿದೆ. 1936ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಗೆರ್ಹಾರ್ಡ್ ಶ್ರಾಡರ್ ಹುಳ ಕೊಲ್ಲುವ ಔಷಧ ಹುಡುಕಲು ಹೋಗಿ ಟಾಬುನ್ ಎಂಬ ನರವಿಷವನ್ನು ತಯಾರಿಸಿದ. 1938ರಲ್ಲಿ ಅದೇ ದಾರಿಯಲ್ಲಿ ಸಾರಿನ್ ಹುಟ್ಟಿತು. ಇವೆರಡಕ್ಕಿಂತ ಘೋರವಾದ ವಿಎಕ್ಸ್ ಕೂಡ 1950ರ ದಶಕದಲ್ಲಿ ಬ್ರಿಟನ್ನಿನ ಕೀಟನಾಶಕವೊಂದರ ಬೆನ್ನು ಹತ್ತಿ ಬಂದದ್ದು. ರಂಜಕ ಸೇರಿದ ಈ ಕುಲಕ್ಕೆ ಆರ್ಗನೊಫಾಸ್ಫೇಟ್ ಎಂದು ಹೆಸರು. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ಗಳೂ ಇದೇ ಕುಲದವು.

ಇವು ಮೈಯಲ್ಲಿ ಮಾಡುವ ಕೆಲಸ ಪಂಪ್‌ಸೆಟ್ ಇಟ್ಟವರಿಗೆ ಬೇಗ ತಿಳಿಯುತ್ತದೆ. ನರ ಸ್ನಾಯುವಿಗೆ ‘ಚಾಲೂ’ ಎಂದು ಸುದ್ದಿ ಕಳಿಸುತ್ತದೆ, ಕೆಲಸವಾದ ಮೇಲೆ ಒಂದು ಕಿಣ್ವ ಅದನ್ನು ‘ಬಂದ್’ ಮಾಡುತ್ತದೆ. ಈ ವಿಷ ಹೋಗಿ ಕೂಡುವುದು ಆ ಬಂದ್ ಮಾಡುವ ಗುಂಡಿಯ ಮೇಲೆಯೇ. ಆಮೇಲೆ ಮೋಟಾರು ನಿಲ್ಲುವುದಿಲ್ಲ: ಜೊಲ್ಲು, ಕಣ್ಣೀರು, ಬೆವರು ಹರಿಯುತ್ತವೆ, ಖಂಡಗಳು ಅದುರುತ್ತವೆ, ಕೊನೆಗೆ ಉಸಿರಾಟದ ಸ್ನಾಯು ಸೋತು ಬೀಳುತ್ತದೆ. ಸಾರಿನ್ ತಗುಲಿದವರಿಗೂ ಮೊದಲು ಕೊಡುವುದು ಅಟ್ರೋಪಿನ್ನೇ. ನಮ್ಮ ತಾಲೂಕು ದವಾಖಾನೆಯ ನರ್ಸ್ ಯುದ್ಧಭೂಮಿ ನೋಡಿರಲಿಕ್ಕಿಲ್ಲ, ನರವಿಷದ ರೋಗಿಯನ್ನು ನೋಡಿದ್ದಾರೆ.

ಹೇಗ್ ನಗರದ ಸಂಸ್ಥೆ

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೈನ್ಯ ಕ್ಲೋರಿನ್ ಅನಿಲ ಬಿಟ್ಟಿತು. ನಾಲ್ಕೇ ದಿನಕ್ಕೆ ಅದೇ ರಣರಂಗದಲ್ಲಿ ಭಾರತೀಯ ಸಿಪಾಯಿಗಳ ಲಾಹೋರ್ ಡಿವಿಜನ್ ಕೂಡ ಅನಿಲಕ್ಕೆ ಎದೆಯೊಡ್ಡಬೇಕಾಯಿತು. 1925ರ ಜಿನೀವಾ ಒಪ್ಪಂದ ಇಂಥ ಅಸ್ತ್ರಗಳ ಬಳಕೆಯನ್ನು ನಿಷೇಧಿಸಿತಾದರೂ ತಯಾರಿಸಿಡುವುದನ್ನು ತಡೆಯಲಿಲ್ಲ. 1993ರಲ್ಲಿ ಪ್ಯಾರಿಸ್‌ನಲ್ಲಿ ಸಹಿಗೆ ತೆರೆದ ಒಪ್ಪಂದ ತಯಾರಿ, ದಾಸ್ತಾನು, ಬಳಕೆ ಮೂರಕ್ಕೂ ಬೀಗ ಹಾಕಿತು. ಅದನ್ನು ಜಾರಿ ಮಾಡಲು 1997ರ ಏಪ್ರಿಲ್ 29ರಂದು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಹುಟ್ಟಿದ್ದು ರಾಸಾಯನಿಕ ಅಸ್ತ್ರ ನಿಷೇಧ ಸಂಘಟನೆ, ಚಿಕ್ಕದಾಗಿ ಒಪಿಸಿಡಬ್ಲ್ಯು. ಇಂದು 193 ದೇಶಗಳು ಇದರ ಸದಸ್ಯರು. 2013ರ ನೊಬೆಲ್ ಶಾಂತಿ ಪ್ರಶಸ್ತಿ ಇದಕ್ಕೆ ಸಂದಿತು.

ಭಾರತ ಮೊದಲ ದಿನದಿಂದಲೂ ಸದಸ್ಯ. ತನ್ನ ಬಳಿ 1,044 ಟನ್ ಸಲ್ಫರ್ ಮಸ್ಟರ್ಡ್ ಇದೆ ಎಂದು 1997ರಲ್ಲಿ ಘೋಷಿಸಿ, 2009ರ ಹೊತ್ತಿಗೆ ಅಷ್ಟನ್ನೂ ನಾಶ ಮಾಡಿತು. ದೇಶಗಳು ಘೋಷಿಸಿದ ದಾಸ್ತಾನಿನ ಕೊನೆಯ ಪಾಲು ಅಮೆರಿಕದಲ್ಲಿ 2023ರ ಜುಲೈನಲ್ಲಿ ಮುಗಿಯಿತು. ಘೋಷಿಸದೆ ಇಟ್ಟುಕೊಂಡದ್ದು, ಬಳಸಿ ‘ನಾವಲ್ಲ’ ಎಂದದ್ದು ಉಳಿಯಿತು. ತನಿಖಾಧಿಕಾರಿಗೆ ಕೆಲಸ ಬೀಳುವುದು ಅಲ್ಲೇ.

ಪಂಚನಾಮೆಯ ಅಣ್ಣ

ಈ ಕೆಲಸದ ಜೀವಾಳ ನಮ್ಮ ಪೊಲೀಸ್ ಪಂಚನಾಮೆಯಿಂದ ಬಹಳ ದೂರವಿಲ್ಲ. ವಿಷಪ್ರಾಶನದ ಮರಣೋತ್ತರ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ ನೋಡಿ. ಜಠರ, ಯಕೃತ್ತಿನ ತುಣುಕುಗಳನ್ನು ಉಪ್ಪಿನ ಗಟ್ಟಿ ದ್ರಾವಣದ ಬಾಟಲಿಯಲ್ಲಿಟ್ಟು ಅರಗಿನ ಮುದ್ರೆ ಒತ್ತುತ್ತಾರೆ. ಜತೆಗೆ ಬರೀ ಉಪ್ಪುನೀರಿನ ಒಂದು ಬಾಟಲಿಯನ್ನೂ ಕಳಿಸುತ್ತಾರೆ. ಹೆಣದಲ್ಲಿ ಸಿಕ್ಕ ವಿಷ ಉಪ್ಪುನೀರಿನಿಂದ ಬಂದದ್ದಲ್ಲ ಎಂದು ತೋರಿಸಲು ಬೇರೆ ದಾರಿಯಿಲ್ಲ. ಮುದ್ರೆಯ ಅಚ್ಚನ್ನೂ ಪ್ರತ್ಯೇಕವಾಗಿ ಕಳಿಸುತ್ತಾರೆ, ಪ್ರಯೋಗಾಲಯದವರು ತಾಳೆ ನೋಡಿಯೇ ಬಾಟಲಿ ಒಡೆಯಬೇಕು.

ಹೇಗ್‌ನವರು ಮಾಡುವುದೂ ಇದನ್ನೇ, ಇನ್ನಷ್ಟು ಕಟ್ಟುನಿಟ್ಟಾಗಿ. ಬಾಂಬು ಬಿದ್ದ ಗುಂಡಿಯಲ್ಲಿ ಒಬ್ಬರು ಮಣ್ಣು ಮುಟ್ಟಿದರೆ ಇನ್ನೊಬ್ಬರು ಕೊಳೆಯಾಗದ ಕೈಯಲ್ಲಿ ಚೀಲ ಹಿಡಿಯುತ್ತಾರೆ, ಮತ್ತೊಬ್ಬರು ಫೋಟೊ ತೆಗೆಯುತ್ತಾರೆ. ವಿಷ ತಗುಲದ ಜಾಗದ ಮಣ್ಣನ್ನೂ ತರುತ್ತಾರೆ. ಚೀಲ ಯಾರ ಕೈಯಿಂದ ಯಾರ ಕೈಗೆ ಎಷ್ಟು ಗಂಟೆಗೆ ಹೋಯಿತು ಎಂಬುದಕ್ಕೆ ಸಹಿಗಳ ಸಾಲು ಇರುತ್ತದೆ. ಸಂಘಟನೆಯ ಸ್ವಂತ ಪ್ರಯೋಗಾಲಯ ಮಾದರಿಯನ್ನು ಪಾಲು ಮಾಡಿ, ಬೇರೆ ಬೇರೆ ದೇಶಗಳ ಕನಿಷ್ಠ ಎರಡು ಮಾನ್ಯ ಪ್ರಯೋಗಾಲಯಗಳಿಗೆ ಕಳಿಸುತ್ತದೆ. ನಡುವೆ ವಿಷವಿಲ್ಲದ ಖೊಟ್ಟಿ ಮಾದರಿಗಳನ್ನೂ ಸೇರಿಸಿರುತ್ತಾರೆ. ಯಾವುದು ಅಸಲು ಎಂಬುದು ಪರೀಕ್ಷಿಸುವವರಿಗೆ ಗೊತ್ತಿರುವುದಿಲ್ಲ. ಇಂಥ ಮಾನ್ಯತೆ ಪಡೆದವುಗಳಲ್ಲಿ ಡಿಆರ್‌ಡಿಒಗೆ ಸೇರಿದ ಗ್ವಾಲಿಯರ್‌ನ ಪ್ರಯೋಗಾಲಯವೂ ಒಂದು. ಮಾನ್ಯತೆ ಉಳಿಸಿಕೊಳ್ಳಲು ಅದು ಆಗಾಗ ಪರೀಕ್ಷೆ ಬರೆದು ಪಾಸಾಗುತ್ತಲೇ ಇರಬೇಕು.

ನಮ್ಮ ರಾಜ್ಯಕ್ಕೂ ಡಬ್ಬಿ ಕಾಣದ ಒಂದು ದಿನ ಬಂದಿತ್ತು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದವರು ಒಬ್ಬರ ಹಿಂದೊಬ್ಬರು ಕುಸಿದರು. ಚೆಲ್ಲಿದ ಅನ್ನ ತಿಂದ ಕಾಗೆಗಳೂ ಸತ್ತವೆಂದು ವರದಿಯಾಯಿತು. 17 ಜನ ತೀರಿಕೊಂಡರು. ವೈದ್ಯರು ಲಕ್ಷಣ ನೋಡಿಯೇ ಕುಲ ಗುರುತಿಸಿದರು, ಹೆಸರು ಹೇಳಿದ್ದು ಪ್ರಯೋಗಾಲಯ: ಮೊನೊಕ್ರೊಟೊಫಾಸ್. ರೋಗಿಯ ಕಣ್ಣು, ಸತ್ತ ಹಕ್ಕಿ, ಉಳಿದ ಅನ್ನ. ಮುಂದೆ ಹೇಳಲಿರುವ ಸಿರಿಯಾದ ತನಿಖೆಯೂ ಶುರುವಾದದ್ದು ಇಂಥ ಸಾಕ್ಷಿಗಳಿಂದಲೇ.

ಆರಿದ ವಿಷದ ಜಾಡು

ಸಾರಿನ್ ಬೇಗ ಆರಿಹೋಗುವ ವಿಷ. ಅದು ಹೋದ ಮೇಲೂ ಅದರ ಮುರುಕು ಮಣ್ಣಿನಲ್ಲಿ ಉಳಿಯುತ್ತದೆ. ಇರಾಕಿನ ಕುರ್ದಿಶ್ ಹಳ್ಳಿ ಬಿರ್ಜಿನ್ನಿಯ ಮೇಲೆ 1988ರ ಆಗಸ್ಟ್‌ನಲ್ಲಿ ಬಾಂಬು ಬಿದ್ದಿತ್ತು. ಮಾನವ ಹಕ್ಕು ಸಂಘಟನೆಗಳ ತಜ್ಞರು 1992ರಲ್ಲಿ ಅಲ್ಲಿನ ಬಾಂಬು ಗುಂಡಿಗಳ ಮಣ್ಣು ತಂದರು. ನಡುವೆ ನಾಲ್ಕು ಮಳೆಗಾಲ ಕಳೆದಿತ್ತು. ಬ್ರಿಟನ್ನಿನ ಪೋರ್ಟನ್ ಡೌನ್ ಪ್ರಯೋಗಾಲಯದಲ್ಲಿ ಆ ಮಣ್ಣಿನಿಂದ ಸಾರಿನ್ ಒಡೆದಾಗ ಮಾತ್ರ ಉಳಿಯುವ ಆಮ್ಲ ಹೊರಬಿತ್ತು.

2017ರ ಏಪ್ರಿಲ್ 4ರಂದು ಸಿರಿಯಾದ ಖಾನ್ ಶೇಖೂನ್ ಎಂಬ ಊರಿನಲ್ಲಿ ಜನ ಉಸಿರುಗಟ್ಟಿ ಸತ್ತರು. ಭದ್ರತೆಯ ಕಾರಣಕ್ಕೆ ಸಂಘಟನೆಯ ಸತ್ಯಶೋಧನಾ ತಂಡದವರಿಗೆ ಆ ಊರಿಗೆ ಕಾಲಿಡಲಾಗಲಿಲ್ಲ. ನೆರೆದೇಶಕ್ಕೆ ಬಂದ ಹೆಣಗಳ ಮರಣೋತ್ತರ ಪರೀಕ್ಷೆಯಲ್ಲಿ ಹಾಜರಿದ್ದರು, ಬದುಕುಳಿದವರ ರಕ್ತ ಪಡೆದರು, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದರು. ಊರಿನಿಂದ ಇತರರು ತಂದ ಮಣ್ಣು, ಸತ್ತ ಹಕ್ಕಿ, ಮೇಕೆಯ ಕೂದಲು ಕೂಡ ಬಂದವು. ಮುದ್ರೆಯಿಲ್ಲದೆ ಬಂದ ಬಾಟಲಿಯನ್ನು ಎಷ್ಟು ನಂಬಬೇಕು? ತಂಡ ಅದನ್ನೇ ಕಣ್ಣಿಗೊತ್ತಿಕೊಳ್ಳಲಿಲ್ಲ, ಹಾಗೆಂದು ಎಸೆಯಲೂ ಇಲ್ಲ. ರೋಗಿಗಳ ರಕ್ತದ ಜತೆ ತಾಳೆ ಹಾಕಿತು. ಸಿರಿಯಾ ಸರ್ಕಾರವೇ ಕೊಟ್ಟ ಮಾದರಿಗಳಲ್ಲೂ ಸಾರಿನ್ ಸುಳಿವಿತ್ತು. ಜಗಳವಾಡುತ್ತಿದ್ದ ಎರಡೂ ಕಡೆಯ ಬಾಟಲಿಗಳು ಒಂದೇ ಹೆಸರು ಹೇಳಿದವು.

ಕ್ಲೋರಿನ್ ಇನ್ನೂ ತೊಡಕಿನದು. ನಳದ ನೀರಿಗೆ ಹಾಕುವ ವಸ್ತುವೇ ಅದು, ಗಾಳಿಯಲ್ಲಿ ಬೇಗ ಚದುರುತ್ತದೆ. 2018ರ ಏಪ್ರಿಲ್ 7ರಂದು ಡಮಾಸ್ಕಸ್ ಪಕ್ಕದ ದೂಮಾದಲ್ಲಿ ಎರಡು ಹಳದಿ ಸಿಲಿಂಡರ್ ಬಿದ್ದವು ಎಂಬ ಸುದ್ದಿ ಬಂತು. ಸ್ಥಳ ನೋಡಲು ಮುಂದೆ ಹೋದ ವಿಶ್ವಸಂಸ್ಥೆಯ ಭದ್ರತಾ ತಂಡದ ಮೇಲೆ ಗುಂಡು ಹಾರಿತು. ತನಿಖಾ ತಂಡ ಅಲ್ಲಿಗೆ ಮುಟ್ಟಿದ್ದು ಎರಡು ವಾರದ ಮೇಲೆ. ಅನಿಲ ಎಂದೋ ಹೋಗಿತ್ತು. ತಜ್ಞರು ಮನೆಯೊಳಗಿನ ಕಟ್ಟಿಗೆಯ ಚೂರುಗಳನ್ನು ತಂದರು. ಕ್ಲೋರಿನ್ ತಾಗಿದ ಕಟ್ಟಿಗೆಯ ರಾಳದಲ್ಲಿ ಬೋರ್ನಿಲ್ ಕ್ಲೋರೈಡ್ ಎಂಬ ಸಂಯುಕ್ತ ಕಟ್ಟಿಕೊಂಡಿತ್ತು. ಕಿಟಕಿ ಚೌಕಟ್ಟಿನಷ್ಟು ಮಾಮೂಲಿ ವಸ್ತು ಸಾಕ್ಷಿ ಹೇಳಿದ್ದು ಹೀಗೆ.

ಮಾತಿನ ತೂಕ

ಮೊದಲು ಈ ತಂಡಗಳಿಗೆ ‘ಏನಾಯಿತು’ ಎಂದು ಹೇಳುವ ಅಧಿಕಾರವಷ್ಟೇ ಇತ್ತು, ‘ಯಾರು’ ಎನ್ನುವಂತಿರಲಿಲ್ಲ. ಅದಕ್ಕೆಂದು ವಿಶ್ವಸಂಸ್ಥೆ ಜತೆಗೂಡಿ ಕಟ್ಟಿದ್ದ ಜಂಟಿ ತನಿಖಾ ವ್ಯವಸ್ಥೆ 2017ರ ಕೊನೆಗೆ ರಷ್ಯಾದ ವೀಟೊದಿಂದ ನಿಂತುಹೋಯಿತು. 2018ರ ಜೂನ್‌ನಲ್ಲಿ ಸದಸ್ಯ ದೇಶಗಳು ಹೇಗ್‌ನಲ್ಲಿ ಸೇರಿ 82–24 ಮತಗಳಿಂದ ‘ಯಾರು’ ಎಂಬುದನ್ನೂ ಹುಡುಕಲು ಒಪ್ಪಿದವು. ಅದಕ್ಕೆ ಹುಟ್ಟಿದ ಪುಟ್ಟ ತಂಡದ ಮೊದಲ ವರದಿ 2020ರ ಏಪ್ರಿಲ್‌ನಲ್ಲಿ ಬಂತು.

ಹಿರಿಯ ತನಿಖಾಧಿಕಾರಿ ಎಂದರೆ ಇಲ್ಲಿ ಮುಖವಾಡ ತೊಟ್ಟು ಗುಂಡಿಗಿಳಿಯುವವರಷ್ಟೇ ಅಲ್ಲ. ರಸಾಯನಜ್ಞ, ವೈದ್ಯ, ಮದ್ದುಗುಂಡಿನ ತಜ್ಞ, ಪೊಲೀಸ್ ಅನುಭವಿ, ವಕೀಲ, ದುಭಾಷಿ ತಂದದ್ದನ್ನೆಲ್ಲ ಒಂದು ದಾರಕ್ಕೆ ಪೋಣಿಸುವವರು. ದಾಳಿಯ ದಿನ ಗಾಳಿ ಯಾವ ಕಡೆ ಬೀಸುತ್ತಿತ್ತು ಎನ್ನುವುದರಿಂದ ಅವರ ಲೆಕ್ಕ ಆರಂಭ. ಪಂಪ್ ಬೆನ್ನಿಗೇರಿಸುವ ಮೊದಲು ಮುಂಡರಗಿಯ ರೈತ ಚಿಟಿಕೆ ಮಣ್ಣು ತೂರಿ ನೋಡುವುದೂ ಅದನ್ನೇ. ಸಾಕ್ಷಿಯ ಮಾತಿನಲ್ಲಿ ಗಾಳಿಯ ದಿಕ್ಕು, ಫೋಟೊ ತೆಗೆದ ಗಳಿಗೆ, ಉಪಗ್ರಹದ ಚಿತ್ರ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ತಮ್ಮ ಊಹೆಯ ಮೇಲೆಯೇ ಗುಮಾನಿ ಪಡಬೇಕು. ‘ಇದು ಕಟ್ಟಿದ ನಾಟಕವಿದ್ದರೆ?’ ಎಂಬ ಪ್ರಶ್ನೆಯನ್ನೂ ತಾವೇ ಕೇಳಿಕೊಂಡು ಪರೀಕ್ಷಿಸಬೇಕು.

ದೂಮಾ ಕುರಿತ ಈ ಪುಟ್ಟ ತಂಡದ ವರದಿ 2023ರ ಜನವರಿಯಲ್ಲಿ ಬಂದಾಗ ಅದರ ಹಿಂದೆ 70 ಮಾದರಿ, 66 ಸಾಕ್ಷಿಗಳ ಹೇಳಿಕೆ ಇದ್ದವು. ಸಿರಿಯಾ ವಾಯುಪಡೆಯ ಹೆಲಿಕಾಪ್ಟರ್ ಸಿಲಿಂಡರ್ ಬೀಳಿಸಿ 43 ಜನರನ್ನು ಕೊಂದಿತು ಎಂದು ‘ನಂಬಲು ಸಮಂಜಸ ಕಾರಣಗಳಿವೆ’ ಎಂದು ತಂಡ ಬರೆಯಿತು. ಸಿರಿಯಾ, ರಷ್ಯಾ ಒಪ್ಪಲಿಲ್ಲ. ಅದಕ್ಕೂ ಮುಂಚೆ ಸಂಘಟನೆಯಲ್ಲಿ ಕೆಲಸ ಮಾಡಿದ್ದ ಕೆಲವರೇ ಸತ್ಯಶೋಧನಾ ತಂಡದ ದೂಮಾ ತೀರ್ಮಾನದ ಬಗ್ಗೆ ತಕರಾರು ಎತ್ತಿದ್ದರು, ಅದು ದೊಡ್ಡ ಗದ್ದಲವೂ ಆಗಿತ್ತು. ‘ಸಮಂಜಸ ಕಾರಣಗಳಿವೆ’ ಎನ್ನುವುದು ಅಗಸೆಕಟ್ಟೆಯ ಮೇಲೆ ಕೂತವರಿಗೆ ಅಡ್ಡಗೋಡೆ ಮೇಲಿನ ದೀಪದಂತೆ ಕಂಡೀತು. ಈ ತಂಡ ನ್ಯಾಯಾಲಯವಲ್ಲ, ಶಿಕ್ಷೆ ಕೊಡುವುದಿಲ್ಲ. ಮುಂದೆ ಯಾವುದಾದರೂ ನ್ಯಾಯಾಲಯ ಈ ಕಡತ ಬಿಚ್ಚಿದರೆ ಒಂದು ಪದವೂ ಸಾಕ್ಷಿಗಿಂತ ಉದ್ದ ಇರಬಾರದು. 2024ರ ಡಿಸೆಂಬರ್‌ನಲ್ಲಿ ಸಿರಿಯಾದ ಅಧ್ಯಕ್ಷ ಅಸಾದ್ ಆಡಳಿತ ಬಿದ್ದ ಮೇಲೆ ಸಂಘಟನೆಯ ತಜ್ಞರು ಮತ್ತೆ ಅಲ್ಲಿಗೆ ಹೋಗಿಬರತೊಡಗಿದ್ದಾರೆ. ಹಳೆಯ ಕಡತಗಳಿಗೆ ಹೊಸ ಹಾಳೆ ಸೇರಬಹುದು.

ನಮ್ಮ ಹುಡುಗ ಹುಡುಗಿಯರಿಗೆ ಈ ದಾರಿ ಮುಚ್ಚಿಲ್ಲ. ರಸಾಯನಶಾಸ್ತ್ರ, ವಿಧಿವಿಜ್ಞಾನ, ವೈದ್ಯಕೀಯ, ಕಾನೂನು ಯಾವುದರಿಂದಲೂ ಇಲ್ಲಿಗೆ ಬರಬಹುದು. ಇಂಗ್ಲಿಷ್ ಜತೆ ಅರೇಬಿಕ್ ಅಥವಾ ಫ್ರೆಂಚ್ ಬಂದರೆ ಒಳ್ಳೆಯದು. ಆದರೆ ಇದು ಜೀವನಪೂರ್ತಿ ನೌಕರಿಯಲ್ಲ, ಸಾಮಾನ್ಯವಾಗಿ ಏಳು ವರ್ಷಕ್ಕೆ ಜಾಗ ಬಿಡಬೇಕು. ಓದಿನ ಜತೆ ಇನ್ನೊಂದು ಗುಣವೂ ಬೇಕು. ಅದನ್ನು ನಾನು ಕಂಡದ್ದು ಆ ದವಾಖಾನೆಯಲ್ಲಿ.

ಹುಡುಗನ ಜೊಲ್ಲು ಆರುತ್ತ ಬಂದು ಉಸಿರು ಹದಕ್ಕೆ ಬಂದಿತ್ತು. ವೈದ್ಯರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ಕೇಸ್ ಪೇಪರ್ ತುಂಬುತ್ತಿದ್ದರು. ಪಕ್ಕದಲ್ಲಿದ್ದ ಕಂಪೌಂಡರ್, “ಮೊನೊಕ್ರೊಟೊಫಾಸ್ ಅಂತ ಬರೀರಿ ಸರ್, ಮತ್ತೇನಿರ್ತೈತಿ?” ಎಂದ. ವೈದ್ಯರು ‘ಮೊನೊ’ ಎಂದಷ್ಟೇ ಬರೆದರು. ಮುಂದೆ ‘ಚೀಟಿ ಹರಿದಿದೆ’ ಎಂದು ಸೇರಿಸಿ ಪೆನ್ನು ಮುಚ್ಚಿದರು. ಆಮೇಲೆ ಮುದುಕನ ಕಡೆ ತಿರುಗಿ, “ಯಜ್ಜಾ, ಬದುವಿನ್ಯಾಗ ಉಳಿದರ್ಧ ಚೀಟಿ ಬಿದ್ದೈತೇನು, ಮುಂಜಾನೆ ಯಾರನ್ನರ ಕಳಿಸಿ ನೋಡಿಸು” ಎಂದರು.